ಆಳು ನೋಡಿ ಬರುವ ಜ್ವರ

‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂದು ಗಾದೆ ಕಟ್ಟಿದ ಹಿರಿಯರು ಫ್ಲೂ ಜ್ವರವನ್ನು ಬಲ್ಲವರಾಗಿದ್ದರೆ ಇನ್ನೊಂದು ಸಾಲು ಸೇರಿಸುತ್ತಿದ್ದರೇನೋ! ನೆಗಡಿ ಬಹುಮಟ್ಟಿಗೆ ಎಲ್ಲರಲ್ಲಿಯೂ ನೆಗಡಿಯೇ. ಫ್ಲೂ ಮಾತ್ರ ಆಳು ನೋಡಿ ಮಣೆ ಹಾಕುವ ಸ್ವಭಾವದ್ದು.

ಕಳೆದ ಮಳೆಗಾಲದಲ್ಲಿ ಅದು ನಮ್ಮ ಮನೆ ಹೊಕ್ಕಾಗ, ಚುಚ್ಚುಮದ್ದೆಂದರೆ ಮುಖ ತಿರುಗಿಸುವ ಮಗನಿಗೆ 103 ಡಿಗ್ರಿ ಜ್ವರ, ಮೈಕೈ ನೋವು. “ಅಮ್ಮಾ, ನಾನಿನ್ನು ಉಳಿಯುವುದಿಲ್ಲ” ಎಂದು ನರಳಿದವನು ಐದನೆಯ ದಿನ ಎದ್ದು ಕುಳಿತು ಮಸಾಲೆ ದೋಸೆ ಬೇಡಿದ. ಚುಚ್ಚುಮದ್ದು ಹಾಕಿಸಿಕೊಂಡಿದ್ದ ನನ್ನನ್ನೂ ಅದು ಬಿಡಲಿಲ್ಲ; ಆದರೆ ಎರಡು ದಿನದ ಗಂಟಲು ನೋವಿನಲ್ಲಿಯೇ ಮುಗಿಯಿತು. ಚುಚ್ಚುಮದ್ದು ಪಡೆದಿದ್ದ ಎಪ್ಪತ್ತೆಂಟರ ಮಾವನವರಿಗೋ ಜ್ವರವೇ ಇಲ್ಲ! ಬೆಳಗಿನ ಕಾಫಿ ಬೇಡವೆಂದರು. ಇಂದು ಯಾವ ವಾರವೆಂದು ಎರಡು ಬಾರಿ ಕೇಳಿದರು. ಅಷ್ಟೆ.

“ವಯಸ್ಸಾಯಿತಲ್ಲ, ಆಯಾಸ” ಎಂದರು ಯಜಮಾನರು. ಮೂವತ್ತು ವರ್ಷ ಅವರ ಕೈಗೆ ಕಾಫಿ ಕೊಟ್ಟ ನನಗೆ ಸಮಾಧಾನವಾಗಲಿಲ್ಲ. ಸಂಜೆಯೇ ವೈದ್ಯರಲ್ಲಿಗೆ ಕರೆದೊಯ್ದೆವು.

“ಮೂವರಿಗೂ ಬಂದಿರುವುದು ಫ್ಲೂ ಜ್ವರವೇ. ಇವರಿಗೆ ನ್ಯುಮೋನಿಯಾ ಆರಂಭವಾಗಿದೆ. ಈ ವಯಸ್ಸಿನಲ್ಲಿ ಮೈ ಬಿಸಿಯೇರದೆಯೂ ಇರಬಹುದು. ಚುಚ್ಚುಮದ್ದೂ ಎಳೆಯರಲ್ಲಿ ಹಿಡಿದಷ್ಟು ಹಿಡಿಯದು. ಸಕಾಲಕ್ಕೆ ಬಂದಿರಿ” ಎಂದರು ವೈದ್ಯರು. ಎಂಟು ದಿನ ಆಸ್ಪತ್ರೆಯಲ್ಲಿದ್ದು ಮಾವನವರು ಮನೆಗೆ ಮರಳಿದರು.

ಈ ಭೇದಕ್ಕೆ ವಯಸ್ಸೊಂದೇ ಕಾರಣವಲ್ಲ. ಬಾಲ್ಯದಿಂದ ಎದುರಿಸಿದ ವೈರಾಣುಗಳ ನೆನಪನ್ನು ದೇಹವು ಇಟ್ಟುಕೊಂಡಿರುತ್ತದೆ. 1957ರಲ್ಲಿ ಕಣ್ಮರೆಯಾಗಿದ್ದ ಒಂದು ಬಗೆಯ ಫ್ಲೂ 1977ರಲ್ಲಿ ಮರಳಿದಾಗ ಹಾಸಿಗೆ ಹಿಡಿದವರಲ್ಲಿ ಹೆಚ್ಚಿನವರು ಸುಮಾರು 25 ವರ್ಷದೊಳಗಿನವರು. ಹಿರಿಯರ ದೇಹಕ್ಕೆ ಅದು ಹಳೆಯ ಪರಿಚಯ. 1918ರ ಮಹಾಮಾರಿಯಲ್ಲಂತೂ ಗಟ್ಟಿಮುಟ್ಟಾದ ತರುಣರೇ ಅಸಾಧಾರಣ ಸಂಖ್ಯೆಯಲ್ಲಿ ಬಲಿಯಾದರು.

ವೈರಾಣುವು ರೂಪ ಬದಲಿಸುತ್ತಲೇ ಇರುವುದರಿಂದ ಚುಚ್ಚುಮದ್ದನ್ನೂ ವರ್ಷ ವರ್ಷ ಪಡೆಯಬೇಕು. ಅದು ವೈರಾಣುವಿಗೆ ಚೆನ್ನಾಗಿ ಹೊಂದಿದ ವರ್ಷಗಳಲ್ಲಿ, ವೈದ್ಯರ ಬಳಿಗೆ ಓಡಬೇಕಾದ ಅಪಾಯವನ್ನು ನೂರಕ್ಕೆ 40ರಿಂದ 60ರಷ್ಟು ತಗ್ಗಿಸುತ್ತದೆ. ಅದನ್ನು ಕೊಡೆಯೆಂದು ಭಾವಿಸಬೇಕು: ಜಡಿಮಳೆಯಲ್ಲಿ ಕಾಲು ನೆನೆದೀತು, ತಲೆ ಉಳಿದೀತು.

ಆದ್ದರಿಂದ, “ನನಗೂ ಫ್ಲೂ ಬಂದಿತ್ತು, ಎರಡೇ ದಿನದಲ್ಲಿ ಎದ್ದೆ” ಎಂದು ನೆರೆಯವರಿಗೆ ಧೈರ್ಯ ಹೇಳುವ ಮುನ್ನ ತುಸು ಯೋಚಿಸುವುದು ಲೇಸು. ಎಳೆಯ ಮಕ್ಕಳು, ಗರ್ಭಿಣಿಯರು, ವೃದ್ಧರು, ಉಬ್ಬಸ ಮತ್ತು ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಥರ್ಮಾಮೀಟರೊಂದನ್ನೇ ನಂಬಲಾಗದು. ಅವರು ಬಿಟ್ಟೆದ್ದ ತಟ್ಟೆಯನ್ನೂ ನೋಡಬೇಕು. ಉಸಿರು ಏದತೊಡಗಿದರೆ, ಇಳಿದ ಜ್ವರ ಮತ್ತೆ ಏರಿದರೆ, ಮಾತು ತಡವರಿಸಿದರೆ ನಾಳೆಗೆಂದು ಕಾಯಬಾರದು.