ನೆರವಿಗೊಂದು ಒರೆಗಲ್ಲು

ಸಾಂಕ್ರಾಮಿಕ ರೋಗದ ಕಾಲದಲ್ಲಿ ಒಂದು ದೇಶ ಇನ್ನೊಂದಕ್ಕೆ ಔಷಧ ಕಳುಹಿಸಿದರೆ, ‘ಇದರಿಂದ ಅವರಿಗೇನು ಲಾಭ?’ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದುದೇ. ಆದರೂ ನೆರವನ್ನು ಅಳೆಯಲು ಅದೊಂದೇ ಸಾಕೆ? ಸಿಡುಬಿನ ಚರಿತ್ರೆಯನ್ನು ನೋಡೋಣ.

1958ರಲ್ಲಿ ವಿಶ್ವ ಆರೋಗ್ಯ ಸಭೆ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಸೇರಿತ್ತು. ಹಲವು ವರ್ಷ ವಿಶ್ವ ಆರೋಗ್ಯ ಸಂಸ್ಥೆಯಿಂದ ದೂರವಿದ್ದ ಸೋವಿಯತ್ ಒಕ್ಕೂಟ ಆಗತಾನೆ ಮರಳಿತ್ತು. ಅದರ ಉಪ ಆರೋಗ್ಯ ಸಚಿವ ವಿಕ್ಟರ್ ಝ್ದಾನೊವ್, ಸಿಡುಬನ್ನು ಭೂಮಿಯಿಂದಲೇ ನಿರ್ಮೂಲ ಮಾಡೋಣವೆಂದು ಸೂಚಿಸಿದರು. ಸಿಡುಬಿಗೆ ಲಸಿಕೆ ಕಂಡುಹಿಡಿದ ಜೆನ್ನರ್‌ಗೆ ಅಮೆರಿಕದ ಅಧ್ಯಕ್ಷ ಜೆಫರ್ಸನ್ 1806ರಲ್ಲಿ ಬರೆದ ಪತ್ರವನ್ನೂ ಉಲ್ಲೇಖಿಸಿದರು. ಎದುರಾಳಿಯ ಮನೆಯಲ್ಲಿ ನಿಂತು ಅವನ ಹಿರಿಯನನ್ನೇ ಗೌರವಿಸುವುದು ಚತುರ ರಾಜತಂತ್ರವೇ ಸರಿ. ಆದರೆ ಮಾತಿನ ಹಿಂದೆ ಲಸಿಕೆಯೂ ಬಂದಿತು. ಬಿಸಿಲ ನಾಡುಗಳಲ್ಲೂ ಬೇಗ ಕೆಡದ, ಒಣಗಿಸಿದ ಲಸಿಕೆಯನ್ನು ಸೋವಿಯತ್ ಒಕ್ಕೂಟ ಮುಂದಿನ ಎರಡು ದಶಕಗಳಲ್ಲಿ 100 ಕೋಟಿ ಡೋಸ್‌ಗಳಿಗೂ ಮಿಗಿಲಾಗಿ ದಾನಮಾಡಿತು. ಭಾರತಕ್ಕೂ ದೊಡ್ಡ ಪಾಲು ಸಂದಿತು. 1967ರಲ್ಲಿ ತೀವ್ರಗೊಂಡ ಅಭಿಯಾನಕ್ಕೆ ಮುಖ್ಯಸ್ಥರಾದವರು ಅಮೆರಿಕದ ಡಾ. ಡಿ. ಎ. ಹೆಂಡರ್ಸನ್. ಅಣ್ವಸ್ತ್ರ ಹಿಡಿದು ಎದುರುಬದುರು ನಿಂತಿದ್ದ ರಾಷ್ಟ್ರಗಳು ಹೀಗೆ ಒಂದೇ ಕೆಲಸಕ್ಕೆ ಹೆಗಲು ಕೊಟ್ಟವು. 1975ರಲ್ಲಿ ಭಾರತ ಸಿಡುಬಿನಿಂದ ಬಿಡುಗಡೆಗೊಂಡಿತು. 1980ರಲ್ಲಿ ಇಡೀ ಜಗತ್ತು.

ಐವತ್ತು ದಾಟಿದ ನನ್ನ ತೋಳಿನ ಮೇಲೂ, ನಿಮ್ಮ ಮನೆಯ ಹಿರಿಯರ ತೋಳಿನ ಮೇಲೂ ಆ ಲಸಿಕೆಯ ಕಲೆಯಿದೆ. ಅದು ಮಾಸ್ಕೋದಲ್ಲಿ ತಯಾರಾದುದೋ, ನಮ್ಮ ಬೆಳಗಾವಿಯ ಲಸಿಕಾ ಸಂಸ್ಥೆಯಲ್ಲಿ ತಯಾರಾದುದೋ ಎಂದು ನಮ್ಮ ತಾಯಂದಿರು ಕೇಳಲಿಲ್ಲ. ಮಗು ಉಳಿದರೆ ಸಾಕಿತ್ತು.

2021ರ ಜನವರಿ 20ರಂದು ಭಾರತವು ಭೂತಾನ್, ಮಾಲ್ಡೀವ್ಸ್‌ಗಳಿಗೆ ಕೋವಿಡ್ ಲಸಿಕೆಯನ್ನು ಕೊಡುಗೆಯಾಗಿ ಕಳುಹಿಸಿತು. ಬಳಿಕ ಇತರ ದೇಶಗಳಿಗೂ ಲಸಿಕೆ ಹೋಯಿತು. ಎರಡನೆಯ ಅಲೆ ಅಪ್ಪಳಿಸಿದಾಗ ರವಾನೆ ನಿಂತಿತು. ನೇಪಾಳದಲ್ಲಿ ಮೊದಲ ಡೋಸ್ ಪಡೆದ ಅನೇಕ ವೃದ್ಧರು ಎರಡನೆಯದಕ್ಕಾಗಿ ತಿಂಗಳುಗಟ್ಟಲೆ ಕಾದರು. ಅದೇ ಹೊತ್ತಿನಲ್ಲಿ ನಮ್ಮ ರೋಗಿಗಳಿಗೆ ಹೊರದೇಶಗಳಿಂದ ಆಮ್ಲಜನಕದ ಉಪಕರಣಗಳು ಬಂದಿಳಿದವು. ಜನವರಿಯಲ್ಲಿ ನೀಡಿದ ಕೈಯನ್ನೇ ಏಪ್ರಿಲ್‌ನಲ್ಲಿ ಚಾಚಬೇಕಾಯಿತು. ಇದನ್ನು ಅವಮಾನವೆಂದು ನಾನು ಭಾವಿಸುವುದಿಲ್ಲ. ಕೊಡುವವನೂ ಪಡೆಯುವವನೂ ಒಂದೇ ನೆಲದ ಮೇಲೆ ನಿಂತಿದ್ದಾರೆಂದು ರೋಗ ನಮಗೆ ತೋರಿಸಿಕೊಟ್ಟಿತು.

ರೋಗಿಗಳ ಮನೆಗಳಿಗೆ ಹೋಗುವುದು ನನ್ನ ಸೇವೆಯ ಭಾಗ. ಹಾಸಿಗೆ ಹಿಡಿದವರು ಬಂದವರ ಉದ್ದೇಶವನ್ನು ತೂಗಿ ನೋಡುವುದು ಅಪರೂಪ. ‘ಮತ್ತೆ ಯಾವಾಗ ಬರುತ್ತೀರಿ, ಸ್ವಾಮಿ?’ ಎಂದಷ್ಟೇ ಕೇಳುತ್ತಾರೆ. ರಾಷ್ಟ್ರಗಳ ನೆರವಿಗೂ ಇದೇ ಒರೆಗಲ್ಲು ಎಂದು ನನಗನ್ನಿಸುತ್ತದೆ. ಲಾಭದ ಆಸೆ ಬೆರೆತಿದ್ದರೂ, ಅಗತ್ಯ ತೀರುವವರೆಗೆ ಬರುತ್ತಲೇ ಇರುವ ನೆರವು ಜೀವ ಉಳಿಸುತ್ತದೆ. ನೆರೆಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ಮೊದಲ ದಿನ ಎಲ್ಲರೂ ಹೋಗುತ್ತೇವೆ. ಹತ್ತನೆಯ ದಿನವೂ ಹೋಗೋಣವೇ?