ಅಲಕನಂದೆಯ ಲೆಕ್ಕ

ನಾನು ಗಡಹಿಂಗ್ಲಜದಲ್ಲಿ ಮೆಟ್ರಿಕ್ ಓದಿ, ಇಚಲಕರಂಜಿಯಲ್ಲಿ ನೂಲಿನ ವ್ಯಾಪಾರ ಹಿಡಿದವನು. ಕೊಲ್ಹಾಪುರದಲ್ಲಿ ಬಿ.ಎಸ್‌ಸಿ. ಓದುವ ಮೊಮ್ಮಗಳು, ಮುಂದೆ ಪುಣೆಗೆ ಹೋಗಿ ಖಗೋಳಶಾಸ್ತ್ರ ಕಲಿಯುವೆನೆಂದಾಗ ಬೇಡವೆಂದೆ. ನಕ್ಷತ್ರ ಎಣಿಸಿದರೆ ಹೊಟ್ಟೆ ತುಂಬೀತೇ?

ಮೊನ್ನೆ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಮಾಳಿಗೆಯಲ್ಲಿ ಕುಳಿತಿದ್ದೆ. "ಅಜ್ಜಾ, ಇದನ್ನ ನೋಡ್ರಿ" ಎಂದು ಒಂದು ಚಿತ್ರ ತೋರಿಸಿದಳು. ಜೇಮ್ಸ್ ವೆಬ್ ದೂರದರ್ಶಕ ತೆಗೆದ ಚಿತ್ರಗಳಲ್ಲಿ ಪುಣೆಯ ರಾಷ್ಟ್ರೀಯ ರೇಡಿಯೋ ಖಗೋಳಭೌತ ಕೇಂದ್ರದ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ ಗುರುತಿಸಿ, 2025ರಲ್ಲಿ ಪ್ರಕಟಿಸಿದ ಗೆಲಾಕ್ಸಿ. ನಮ್ಮ ಆಕಾಶಗಂಗೆಗೆ ಹಿಂದಿಯಲ್ಲಿ ಮಂದಾಕಿನಿ ಎನ್ನುತ್ತಾರೆ. ಅದಕ್ಕೇ ಇದಕ್ಕೆ ಜೊತೆ ನದಿಯ ಹೆಸರು, ಅಲಕನಂದಾ.

ಅದರ ಬೆಳಕು ಹೊರಟು ಸುಮಾರು 1200 ಕೋಟಿ ವರ್ಷ. ಈಗ 1380 ಕೋಟಿ ವರ್ಷದ ವಿಶ್ವಕ್ಕೆ ಆಗ 150 ಕೋಟಿಯಷ್ಟೇ. ಅನಿಲ ತಣಿದು, ತಿರುಗುತ್ತ ತಟ್ಟೆಯಂತೆ ಚಪ್ಪಟೆಯಾಗಿ, ಸುರುಳಿ ತೋಳು ಮೂಡಲು ಬಹುಕಾಲ ಬೇಕು. ಎಳೆಯ ಗೆಲಾಕ್ಸಿಗಳು ಮುದ್ದೆಮುದ್ದೆಯಾಗಿಯೇ ಇರುತ್ತವೆ ಎಂದು ವಿಜ್ಞಾನಿಗಳು ಎಣಿಸಿದ್ದರಂತೆ. ಇದಕ್ಕಾದರೋ ಅಚ್ಚುಕಟ್ಟಾದ ಎರಡು ತೋಳು, 30,000 ಜ್ಯೋತಿರ್ವರ್ಷ ಅಗಲ! ನಿನ್ನೆ ತೆರೆದ ಅಂಗಡಿಯಲ್ಲಿ ಇಂದೇ ಕಿರ್ದಿ-ಖಾತೆ ಎಲ್ಲ ತಾಳೆಯಾದಂತೆ. ಮೂವತ್ತು ವರ್ಷವಾದರೂ ನನ್ನದು ಆಗಿಲ್ಲ.

"ಇಷ್ಟು ಬೇಗ ಹೇಗಾಯಿತವ್ವಾ?"

"ತಣ್ಣನೆಯ ಅನಿಲ ಹರಿದು ಬಂದೋ, ಪಕ್ಕದ ಸಣ್ಣ ಗೆಲಾಕ್ಸಿ ಸೆಳೆದೋ, ಇನ್ನೂ ತೀರ್ಮಾನವಾಗಿಲ್ಲ ಅಜ್ಜಾ. ಅದಕ್ಕೇ ಹೋಗಬೇಕಂತೀನಿ."

ಚಿತ್ರವನ್ನು ಮತ್ತೊಮ್ಮೆ ಕನ್ನಡಕದ ಹತ್ತಿರ ಹಿಡಿದು ನೋಡಿದೆ. ಪುಣೆಯಲ್ಲಿ ವರ್ಷಕ್ಕೆ ಫೀ ಎಷ್ಟಾಗುತ್ತದೆ ಎಂದು ಕೇಳಿದೆ.