ಸಾಸಿವೆ ಡಬ್ಬಿಯ ಲೆಕ್ಕ

ನಮ್ಮ ತಂದೆಯವರು ರಾಣೆಬೆನ್ನೂರಿನ ಅರಿವೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ರಾತ್ರಿ ಊಟವಾದ ಮೇಲೆ ಕಿರ್ದಿ ಪುಸ್ತಕ ತೆರೆದು, ಜಮೆ ಖರ್ಚು ಬರೆದು, ಶಿಲ್ಕು ತಾಳೆಯಾಗುವವರೆಗೆ ಮಲಗುತ್ತಿರಲಿಲ್ಲ. ಕಾಯಿಪಲ್ಲೆ, ಎಣ್ಣೆ, ನಮ್ಮ ಶಾಲೆಯ ಫೀ, ಇವುಗಳ ಸಾಲಿನಲ್ಲಿಯೇ ದಾಸೋಹಕ್ಕೆಂದೂ ಒಂದು ಬಾಬು ಇರುತ್ತಿತ್ತು. ಸಂಜೆ ಪಿಗ್ಮಿಯವರು ಬಾಗಿಲಿಗೆ ಬಂದರೆ ಒಂದು ರೂಪಾಯಿ ತಪ್ಪದೆ ಸಲ್ಲುತ್ತಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡ ಉಡುಪಿಯ ಸಂಸ್ಥೆಯು 1928ರಲ್ಲಿ ಆರಂಭಿಸಿದ ಯೋಜನೆಯದು. ದಿನಕ್ಕೆ ಎರಡಾಣೆ ಉಳಿಸಬಲ್ಲವನೂ ಬ್ಯಾಂಕಿನ ಗಿರಾಕಿಯೇ ಎಂಬ ಗೌರವವನ್ನು ಅದು ಬಡವರಿಗೆ ತಂದುಕೊಟ್ಟಿತು.

ನಮ್ಮ ಸಂಸಾರದಲ್ಲಿ ಕಿರ್ದಿ ಇರಲಿಲ್ಲ. ಮನೆಯಾಕೆಯ ಸಾಸಿವೆ ಡಬ್ಬಿ ಇತ್ತು. ಸಂತೆಯ ಹಣದಲ್ಲಿ ಉಳಿದುದು ಅದರೊಳಗೆ ಸೇರುತ್ತಿತ್ತು. ಅದು ನಮಗೆ ಗೊತ್ತಿದ್ದರೂ ಗೊತ್ತಿಲ್ಲದವರಂತೆ ಇದ್ದೆವು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದ ಸುದ್ದಿ ಬಂದಾಗ ಆಕೆ ಮೌನವಾಗಿ ಡಬ್ಬಿಯನ್ನು ತಂದು ನಮ್ಮ ಮುಂದಿಟ್ಟಳು. ಐನೂರರ ಇಪ್ಪತ್ತಮೂರು ನೋಟುಗಳಿದ್ದವು. ನಾವು ಸರದಿಯಲ್ಲಿ ನಿಂತು ಅವನ್ನು ನಮ್ಮ ಖಾತೆಗೆ ಕಟ್ಟಿದೆವು. ಆ ಹಣ ಮನೆಖರ್ಚಿನಲ್ಲಿ ಕರಗಿಹೋಯಿತು. ನಾವು ಮರಳಿಸಲಿಲ್ಲ, ಆಕೆಯೂ ಕೇಳಲಿಲ್ಲ.

ನಿವೃತ್ತಿಯ ನಂತರ ಮಗನು ನಮ್ಮ ಫೋನಿನಲ್ಲಿ ಯುಪಿಐ ಹೂಡಿಕೊಟ್ಟನು. 2016ರಲ್ಲಿ ಆರಂಭವಾದ ಈ ವ್ಯವಸ್ಥೆಯಿಂದ ಭೀಮ್, ಫೋನ್‌ಪೇ, ಗೂಗಲ್ ಪೇ ಮುಂತಾದ ಆ್ಯಪ್‌ಗಳ ಮೂಲಕ ಒಂದು ಬ್ಯಾಂಕಿನ ಖಾತೆಯಿಂದ ಮತ್ತೊಂದು ಬ್ಯಾಂಕಿನ ಖಾತೆಗೆ ಕ್ಷಣಮಾತ್ರದಲ್ಲಿ ಹಣ ಸೇರುತ್ತದೆ. ಸೊಪ್ಪು ಮಾರುವ ಅಜ್ಜಿಯ ಬುಟ್ಟಿಯ ಮೇಲೂ ಆ ಚೌಕದ ಚಿತ್ರ ಕಂಡಾಗ ನಮಗೆ ಸಂತೋಷವೇ ಆಯಿತು. ಚಿಲ್ಲರೆಯ ತಂಟೆ ತಪ್ಪಿತು, ಜೇಬುಗಳ್ಳರ ಭಯವೂ ತಪ್ಪಿತು.

ಆದರೆ 2024ರ ಮೇ ತಿಂಗಳಲ್ಲಿ ಮೊಮ್ಮಗಳನ್ನು ಕಾಲೇಜಿಗೆ ಸೇರಿಸುವ ಸಮಯ ಬಂದಿತು. ಮಗನ ಕೆಲಸ ಹೋಗಿತ್ತು. ಫೀ ನಾವು ಕೊಡುವೆವೆಂದು ಮಾತು ಕೊಟ್ಟಿದ್ದೆವು. ಖಾತೆ ನೋಡಿದರೆ ಅರ್ಧದಷ್ಟೂ ಇರಲಿಲ್ಲ. ಕಳವಾಗಿದೆಯೆಂದೇ ಭಾವಿಸಿ ಬ್ಯಾಂಕಿಗೆ ಓಡಿ ವಿವರ ಪಡೆದೆವು. ಕಳ್ಳರಾರೂ ಇರಲಿಲ್ಲ. ಇಪ್ಪತ್ತು, ನಲವತ್ತು, ನೂರು ಎಂದು ಪುಟಗಟ್ಟಲೆ ನಮ್ಮವೇ ಪಾವತಿಗಳು. ನಡುನಡುವೆ, ಯಾರೂ ನೋಡದ ಸಿನಿಮಾ ಆ್ಯಪೊಂದಕ್ಕೆ ನಾವೇ ಎಂದೋ ಒಪ್ಪಿಗೆಯಿತ್ತಿದ್ದ ಆಟೋಪೇ ಪ್ರತಿ ತಿಂಗಳೂ ಹಣ ಎಳೆಯುತ್ತಿತ್ತು.

ಅಂದು ರಾತ್ರಿ ನಾವು ಊಟ ಮಾಡಲಿಲ್ಲ. ಮನೆಯಾಕೆ ಒಳಗಿನಿಂದ ಅಂಚೆ ಕಚೇರಿಯ ಪಾಸ್‌ಬುಕ್ ತಂದಿಟ್ಟಳು. 2019ರಿಂದ ತಿಂಗಳಿಗೆ ಒಂದು ಸಾವಿರದಂತೆ ಐದು ವರ್ಷ, ಅರವತ್ತು ಕಂತು ಕಟ್ಟಿದ ಆವರ್ತ ಠೇವಣಿ; ಬಡ್ಡಿ ಸಹಿತ ಕೈಗೆ ಬರುವ ಸಮಯವಾಗಿತ್ತು. “ಇದೂ ಸಾಸಿವೆ ಡಬ್ಬೀನೇರಿ. ಈ ಸಲ ನನ್ನ ಹೆಸರಿನಾಗ ಐತಿ, ಅಷ್ಟ,” ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಆದ್ದರಿಂದಲೇ ನಮಗೆ ತಲೆ ಎತ್ತಲಾಗಲಿಲ್ಲ.

ಮೊಮ್ಮಗಳು ಕಾಲೇಜು ಸೇರಿದಳು. ನಾವು ಪಾಠ ಕಲಿತೆವು. ಫೋನಿಗೆ ಈಗ ಬೇರೆಯೇ ಒಂದು ಖಾತೆ ಜೋಡಿಸಿದ್ದೇವೆ. ತಿಂಗಳ ಮೊದಲಿಗೆ ಸಂತೆಯ ಖರ್ಚಿನಷ್ಟನ್ನೇ ಅದಕ್ಕೆ ಹಾಕುತ್ತೇವೆ. ಪಿಂಚಣಿ ಬಂದ ಮರುದಿನವೇ ಉಳಿತಾಯದ ಪಾಲು ತಾನಾಗಿ ಠೇವಣಿಗೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟಿದ್ದೇವೆ. ಹಣ ಎಳೆದ ಆಟೋಪೇ ಉಳಿತಾಯಕ್ಕೂ ದುಡಿಯಬಲ್ಲದೆಂದು ತಡವಾಗಿ ತಿಳಿಯಿತು. ಬೇಡವಾದ ಒಪ್ಪಿಗೆಗಳನ್ನು ಆ್ಯಪಿನಲ್ಲಿಯೇ ರದ್ದು ಮಾಡಿದೆವು. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಇವೆರಡನ್ನೂ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇವೆ.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಹಣ ಯಾರಿಗೆ ಹೋಯಿತೆಂಬುದನ್ನು ಫೋನು ಹೇಳುತ್ತದೆ. ಏತಕ್ಕೆ ಹೋಯಿತು, ಹೋಗಬೇಕಿತ್ತೇ ಎಂಬುದನ್ನು ಹೇಳುವುದಿಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು. ಆದುದರಿಂದ ಪೇಟೆಯಿಂದ ಒಂದು ಕಿರ್ದಿ ಪುಸ್ತಕ ತಂದೆವು. ರಾತ್ರಿ ಆಕೆ ಫೋನು ನೋಡಿ ಓದುತ್ತಾಳೆ, ನಾವು ಬರೆಯುತ್ತೇವೆ. ದಾಸೋಹದ ಬಾಬು ಮತ್ತೆ ಬಂದಿದೆ. ಅದರ ಕೆಳಗೆ ಇನ್ನೊಂದು ಬಾಬು ಇದೆ: ‘ಸಾಸಿವೆ ಡಬ್ಬಿಯ ಸಾಲ, ರೂ. 11,500.’ ತಿಂಗಳಿಗೆ ಐನೂರರಂತೆ ಆಕೆಯ ಖಾತೆಗೆ ತೀರಿಸುತ್ತಿದ್ದೇವೆ. ಮೊದಲ ಕಂತು ಸಂದ ದಿನ ಆಕೆ ನಕ್ಕಳು, ಬೇಡವೆನ್ನಲಿಲ್ಲ.

ಓದುಗ ಬಂಧುಗಳ ಮನೆಗಳಲ್ಲಿಯೂ ಇಂಥ ಡಬ್ಬಿಗಳಿರಬಹುದು. ಅವು ಯಾರ ಹೆಸರಿನಲ್ಲಿವೆಯೆಂದು ಒಮ್ಮೆ ವಿಚಾರಿಸಿಕೊಳ್ಳಬೇಕೆಂದು ನಮ್ಮ ವಿನಂತಿ.